ಗೆದ್ದ ಮೇಲೆ ಬಂದ ಬಿಲ್ಲು: ಮೈಂಜ್‌ನಲ್ಲಿ ಒಂದೇ ಪೀಠಕ್ಕೆ ಇಬ್ಬರು ಆರ್ಚ್‌ಬಿಷಪ್

1459ರ ಜೂನ್ 18ರಂದು ಡೀಟರ್ ಅನ್ನುವ ಜರ್ಮನ್ ಶ್ರೀಮಂತ ಒಂದು ಚುನಾವಣೆ ಗೆದ್ದ. ಬಿಲ್ಲು ಆಮೇಲೆ ಬಂತು.

ಬಿಲ್ಲು ಬಂದಿದ್ದು ಪೋಪ್‌ನ ಆಸ್ಥಾನದಿಂದ. ಮೊತ್ತ ಇಪ್ಪತ್ತು ಸಾವಿರ ಗುಲ್ಡನ್‌ಗೂ ಮೇಲೆ. ಗುಲ್ಡನ್ ಅಂದರೆ ಆ ಕಾಲದ ಚಿನ್ನದ ನಾಣ್ಯ. ಎಷ್ಟು ದೊಡ್ಡ ದುಡ್ಡು ಅಂತ ಅಂದಾಜಾಗಬೇಕಾದರೆ ಇದನ್ನು ನೋಡಿ. ಅದೇ ಮೈಂಜ್ ಊರಿನಲ್ಲಿ ಗುಟೆನ್‌ಬರ್ಗ್ ಎಂಬುವವನು ಅಚ್ಚಿನ ಕೆಲಸ ಶುರು ಮಾಡಲು ಫುಸ್ಟ್ ಎಂಬ ಸಾಹುಕಾರನ ಹತ್ತಿರ 800 ಗುಲ್ಡನ್ ಸಾಲ ಮಾಡಿದ್ದ, ಅದು ಸಾಲದೆ ಇನ್ನೊಂದು 800 ತಗೊಂಡಿದ್ದ. ಬೈಬಲ್ ಅಚ್ಚಾಗಿದ್ದು ಆ 1,600 ಗುಲ್ಡನ್ ಬಲದ ಮೇಲೆ. ಅಂದರೆ ಮೈಂಜ್‌ನ ಆರ್ಚ್‌ಬಿಷಪ್ ಅನ್ನಿಸಿಕೊಳ್ಳೋದಕ್ಕೆ ಅದರ ಹನ್ನೆರಡು ಪಟ್ಟಿಗಿಂತ ಜಾಸ್ತಿ ಕಟ್ಟಬೇಕಿತ್ತು.

ಡೀಟರ್ ಕಟ್ಟಲಿಲ್ಲ. ಅಲ್ಲಿಂದ ಶುರುವಾದ ಜಗಳ ನಾಲ್ಕು ವರ್ಷ ನಡೆಯಿತು. ಮೂವರು ದೊಡ್ಡ ಮನುಷ್ಯರು ಯುದ್ಧದಲ್ಲಿ ಸೆರೆ ಸಿಕ್ಕರು, ಒಂದು ಸ್ವತಂತ್ರ ನಗರ ತನ್ನ ಸ್ವಾತಂತ್ರ್ಯ ಕಳೆದುಕೊಂಡಿತು, ನೂರಾರು ಜನ ಬೀದಿಯಲ್ಲಿ ಸತ್ತರು. ನಾನು ಇದನ್ನು ಓದಲು ಕೂತಿದ್ದು ಗುಟೆನ್‌ಬರ್ಗ್‌ನ ಸಲುವಾಗಿ. ಅವನ ಜೀವನದ ಕಥೆಯಲ್ಲಿ "1462ರಲ್ಲಿ ಊರು ಲೂಟಿಯಾಯಿತು" ಅಂತ ಒಂದು ಸಾಲು ಬರುತ್ತೆ. ಯಾಕೆ ಲೂಟಿಯಾಯಿತು ಅಂತ ಕೆದಕುತ್ತಾ ಹೋದರೆ ಇಷ್ಟು ದೊಡ್ಡ ರಾಮಾಯಣ.

ಮೊದಲು ಆ ಕುರ್ಚಿ ಎಂಥದ್ದು ಅಂತ ನೋಡೋಣ.

ಆರ್ಚ್‌ಬಿಷಪ್ ಅಂದರೆ ನಮ್ಮ ಕಣ್ಣಿಗೆ ಬರುವುದು ಪೂಜೆ, ಪ್ರವಚನ, ಆಶೀರ್ವಾದ. ಮೈಂಜ್‌ನ ಆರ್ಚ್‌ಬಿಷಪ್‌ಗೆ ಅದರ ಜೊತೆಗೆ ಒಂದು ರಾಜ್ಯವೇ ಇತ್ತು. ರೈನ್ ನದಿಯ ದಂಡೆಯಲ್ಲಿ ಒಂದಿಷ್ಟು ನೆಲ, ಆಶಾಫೆನ್‌ಬುರ್ಗ್ ಕಡೆ ಒಂದಿಷ್ಟು, ದೂರದ ಎರ್ಫುರ್ಟ್‌ನಲ್ಲಿ ಇನ್ನಷ್ಟು, ಹೀಗೆ ತುಂಡು ತುಂಡಾಗಿ ಹರಡಿದ ರಾಜ್ಯ. ಕೋಟೆಗಳಿದ್ದವು, ನದಿಯಲ್ಲಿ ಹೋಗುವ ದೋಣಿಗಳಿಂದ ಸುಂಕ ಬರುತ್ತಿತ್ತು, ಬೇಕಾದಾಗ ಸೈನ್ಯ ಕಟ್ಟಬಹುದಿತ್ತು. ಇದಕ್ಕಿಂತ ದೊಡ್ಡದು ಇನ್ನೊಂದಿತ್ತು. 1356ರಲ್ಲಿ ಬಂದ ಒಂದು ಶಾಸನದ ಪ್ರಕಾರ ಜರ್ಮನ್ ದೊರೆಯನ್ನು ಆರಿಸುವ ಹಕ್ಕು ಇಡೀ ಸಾಮ್ರಾಜ್ಯದಲ್ಲಿ ಏಳೇ ಜನಕ್ಕೆ. ಮೂವರು ಆರ್ಚ್‌ಬಿಷಪ್‌ಗಳು, ನಾಲ್ವರು ಅರಸರು. ಈ ಏಳು ಜನರನ್ನು ಸಭೆ ಕರೆಯುವವನು ಮೈಂಜ್‌ನವನು. ಒಬ್ಬೊಬ್ಬರ ವೋಟು ಕೇಳುವವನೂ ಅವನೇ, ಕೊನೆಗೆ ತನ್ನ ವೋಟು ಹಾಕುವವನೂ ಅವನೇ. ಆರು ಜನ ಮೂರು ಮೂರಾಗಿ ಒಡೆದರೆ ದೊರೆ ಯಾರು ಅಂತ ತೀರ್ಮಾನ ಆಗೋದು ಇವನ ಬಾಯಿಂದ.

ಹಾಗಾಗಿ ಈ ಕುರ್ಚಿಯ ಮೇಲೆ ಎಲ್ಲರಿಗೂ ಕಣ್ಣು.

ಕುರ್ಚಿಗೆ ಕೂರಿಸುವವರು ಯಾರು? ಊರಿನ ಭಕ್ತರಂತೂ ಖಂಡಿತ ಅಲ್ಲ. ದೊಡ್ಡ ಚರ್ಚಿಗೆ ಸೇರಿದ ಕ್ಯಾನನ್‌ಗಳು ಅಂತ ಒಂದು ಗುಂಪು ಇರುತ್ತಿತ್ತು. ಅದನ್ನು ಚಾಪ್ಟರ್ ಅನ್ನುತ್ತಾರೆ. ಚರ್ಚಿನ ಆಸ್ತಿ, ಆದಾಯ ನೋಡಿಕೊಳ್ಳುವವರು ಅವರೇ, ಆರ್ಚ್‌ಬಿಷಪ್ ಸತ್ತರೆ ಮುಂದಿನವನನ್ನು ಆರಿಸುವವರೂ ಅವರೇ. ಮೈಂಜ್‌ನಲ್ಲಿ ಈ ಗುಂಪಿಗೆ ಸೇರಬೇಕಾದರೆ ದೊಡ್ಡ ಮನೆತನದಲ್ಲೇ ಹುಟ್ಟಿರಬೇಕು. ಜರ್ಮನ್ ಶ್ರೀಮಂತರ ಮನೆಗಳಲ್ಲಿ ಲೆಕ್ಕ ಸರಳವಾಗಿತ್ತು, ಅಣ್ಣನಿಗೆ ಕೋಟೆ, ತಮ್ಮನಿಗೆ ಚರ್ಚು. ಹಾಗೆ ಬಂದ ತಮ್ಮಂದಿರೇ ಈ ಕ್ಯಾನನ್‌ಗಳು. ಎಷ್ಟೋ ಜನ ಪಾದ್ರಿ ದೀಕ್ಷೆಯನ್ನೂ ಪೂರ್ತಿ ತಗೊಂಡಿರುತ್ತಿರಲಿಲ್ಲ. ಯಾರ ವೋಟು ಯಾರಿಗೆ ಅನ್ನುವುದು ದೇವರ ಪ್ರೇರಣೆಗಿಂತ ಜಾಸ್ತಿ ನೆಂಟಸ್ತನದ ಮೇಲೆ ನಡೆಯುತ್ತಿತ್ತು, ಯಾರ ಮಾವ ಯಾರ ಪಕ್ಷ, ಯಾರ ಮನೆಗೂ ಯಾರ ಮನೆಗೂ ಗಡಿ ತಕರಾರು, ಇಂಥವು.

1459ರ ಮೇ ತಿಂಗಳಲ್ಲಿ ಹಳೆಯ ಆರ್ಚ್‌ಬಿಷಪ್ ತೀರಿಕೊಂಡ. ಕಣದಲ್ಲಿ ಉಳಿದವರು ಇಬ್ಬರು. ಒಬ್ಬ ಈಸೆನ್‌ಬುರ್ಗ್ ಮನೆತನದ ಡೀಟರ್. ಆಗ ಅವನಿಗೆ ನಲವತ್ತೈದು ದಾಟಿತ್ತು. ಓದಿದವನು, ಚಿಕ್ಕ ವಯಸ್ಸಿನಲ್ಲೇ ಎರ್ಫುರ್ಟ್ ವಿಶ್ವವಿದ್ಯಾಲಯದ ರೆಕ್ಟರ್ ಆಗಿದ್ದವನು. (ರೆಕ್ಟರ್ ಅಂದರೆ ಈಗಿನ ಕುಲಪತಿ ಅಂತ ಅಂದುಕೊಳ್ಳಬೇಡಿ. ಆಗ ದೊಡ್ಡ ಮನೆಯ ಹುಡುಗರಿಗೆ ಆ ಗೌರವ ಬೇಗ ಸಿಗುತ್ತಿತ್ತು.) ಇನ್ನೊಬ್ಬ ನಾಸೌ ಮನೆತನದ ಅಡಾಲ್ಫ್.

ನಾಸೌ ಮನೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಹಿಂದಿನ ನೂರು ಚಿಲ್ಲರೆ ವರ್ಷಗಳಲ್ಲಿ ಈ ಮನೆಯಿಂದ ಆಗಲೇ ಮೂವರು ಮೈಂಜ್‌ನ ಆರ್ಚ್‌ಬಿಷಪ್ ಆಗಿದ್ದರು. ಗೆರ್ಲಾಖ್, ಮೊದಲನೇ ಅಡಾಲ್ಫ್, ಎರಡನೇ ಯೋಹಾನ್. ಮೂವರಲ್ಲಿ ಒಬ್ಬನೂ ಸಲೀಸಾಗಿ ಬಂದವನಲ್ಲ. ಗೆರ್ಲಾಖ್‌ನನ್ನು ಪೋಪ್ ನೇಮಿಸಿದಾಗ ಹಳೆಯ ಆರ್ಚ್‌ಬಿಷಪ್ ಇನ್ನೂ ಬದುಕಿದ್ದ, ಜಾಗ ಬಿಡಲು ತಯಾರಿರಲಿಲ್ಲ. ಮೊದಲನೇ ಅಡಾಲ್ಫ್ ಚಾಪ್ಟರ್ ಆರಿಸಿದವನು, ಅವನಿಗೆ ಎದುರಾಗಿ ಬೇರೆಯವನು ಬಂದ. ಯೋಹಾನ್ ಚಾಪ್ಟರ್‌ನಲ್ಲಿ ಸೋತು ಸೀದಾ ರೋಮ್‌ಗೆ ಹೋಗಿ ನೇಮಕದ ಕಾಗದ ಹಿಡಿದು ವಾಪಸ್ ಬಂದ. ಅಂದರೆ ವೋಟು ಸಿಗದಿದ್ದರೂ ದಾರಿ ಇದೆ ಅನ್ನುವುದು ಆ ಮನೆಯವರಿಗೆ ಚೆನ್ನಾಗಿ ಗೊತ್ತಿತ್ತು. ಅಜ್ಜಂದಿರ ಕಾಲದಿಂದ ಬಂದ ವಿದ್ಯೆ.

ಜೂನ್ 18ರಂದು ಡೀಟರ್ ಗೆದ್ದ, ಆದರೆ ಕೂದಲೆಳೆಯ ಅಂತರದಲ್ಲಿ. ಅಡಾಲ್ಫ್ ಸೋತು ಸುಮ್ಮನಾದ. ಆವತ್ತಿನ ಮಟ್ಟಿಗೆ.

ಈಗ ಬಿಲ್ಲಿನ ವಿಷಯಕ್ಕೆ ಬರೋಣ, ಇಡೀ ಗೊಂದಲದ ಬೇರು ಇರೋದು ಇಲ್ಲೇ.

1448ರಲ್ಲಿ ವಿಯೆನ್ನಾದಲ್ಲಿ ಪೋಪ್ ಮತ್ತು ಜರ್ಮನ್ ದೊರೆಯ (ಮುಂದೆ ಚಕ್ರವರ್ತಿಯಾದವನು ಇವನೇ) ನಡುವೆ ಒಂದು ಒಪ್ಪಂದ ಆಗಿತ್ತು. ಅದರ ಪ್ರಕಾರ ಬಿಷಪ್‌ನನ್ನು ಆರಿಸುವುದು ಚಾಪ್ಟರ್, ಆದರೆ ಆಯ್ಕೆಯನ್ನು ಮಂಜೂರು ಮಾಡುವುದು ಪೋಪ್. ಮಂಜೂರಾತಿಗೆ ಶುಲ್ಕ ಉಂಟು. ಹೊಸ ಹುದ್ದೆಯ ಮೊದಲ ವರ್ಷದ ಆದಾಯದಲ್ಲಿ ಒಂದು ದೊಡ್ಡ ಪಾಲು ರೋಮ್‌ಗೆ ಹೋಗಬೇಕು. ಆರ್ಚ್‌ಬಿಷಪ್ ಆದರೆ ಅದರ ಜೊತೆಗೆ ಪ್ಯಾಲಿಯಂ ಬೇಕು. ಪ್ಯಾಲಿಯಂ ಅಂದರೆ ಬಿಳಿ ಕುರಿ ಉಣ್ಣೆಯ ಒಂದು ಪಟ್ಟಿ, ಮೇಲೆ ಕಪ್ಪು ಶಿಲುಬೆಗಳು, ಹೆಗಲ ಮೇಲೆ ಹಾಕಿಕೊಳ್ಳೋದು. ನೋಡೋಕೆ ಅಂಗೈ ಅಗಲದ ಬಟ್ಟೆ. ಆದರೆ ಅದು ಹೆಗಲ ಮೇಲೆ ಬರುವ ತನಕ ಆರ್ಚ್‌ಬಿಷಪ್‌ನ ಅಧಿಕಾರ ಪೂರ್ತಿ ಆಗಲ್ಲ.

ಡೀಟರ್‌ನ ದೂತರು ಪೋಪ್ ಎರಡನೇ ಪಿಯುಸ್‌ನ ಹತ್ತಿರ ಹೋದರು. ಪಿಯುಸ್ ಆಗ ಇಟಲಿಯ ಮಾಂತುವಾದಲ್ಲಿದ್ದ. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ಕೈಗೆ ಹೋಗಿತ್ತು, ಅವರ ಮೇಲೆ ಧರ್ಮಯುದ್ಧ ಸಾರಲು ಯುರೋಪಿನ ದೊರೆಗಳನ್ನೆಲ್ಲ ಅಲ್ಲಿಗೆ ಕರೆದಿದ್ದ. ಬಂದವರು ಬೆರಳೆಣಿಕೆ. ಡೀಟರ್ ಕೂಡ ಖುದ್ದಾಗಿ ಹೋಗಲಿಲ್ಲ. ಪಿಯುಸ್‌ಗೆ ದುಡ್ಡೂ ಬೇಕಿತ್ತು, ಸಿಟ್ಟೂ ಇತ್ತು. ಶುಲ್ಕ ಎಷ್ಟು ಅಂತ ಕೇಳಿದಾಗ ಹೇಳಿದ್ದು ಹಿಂದಿನವರು ಕಟ್ಟುತ್ತಿದ್ದ ಮೊತ್ತದ ಸುಮಾರು ಎರಡರಷ್ಟು.

ದೂತರು ಏನು ಮಾಡಿದರು? ಎಲ್ಲರೂ ಮಾಡುತ್ತಿದ್ದದ್ದನ್ನೇ ಮಾಡಿದರು. ಪೋಪ್‌ನ ಆಸ್ಥಾನದ ಸುತ್ತ ಇದಕ್ಕೆಂದೇ ಕೂತ ಲೇವಾದೇವಿಯವರಿದ್ದರು. ಅವರ ಹತ್ತಿರ ಸಾಲ ಬರೆದುಕೊಟ್ಟು, ಶುಲ್ಕ ಮುಗಿಸಿ, ಮಂಜೂರಾತಿ ತಂದರು. ಸಾಲ ತೀರಿಸುವ ಹೊತ್ತು ಬಂದಾಗ ಡೀಟರ್ ತಿರುಗಿಬಿದ್ದ. ಇಷ್ಟು ಮೊತ್ತಕ್ಕೆ ಒಪ್ಪಿಕೊಳ್ಳಿ ಅಂತ ನಾನು ಹೇಳೇ ಇರಲಿಲ್ಲ, ಇದು ಅನ್ಯಾಯದ ಲೆಕ್ಕ, ಕೊಡಲ್ಲ ಅಂದ. ಅತ್ತಲಿಂದ ಬಹಿಷ್ಕಾರ ಬಂತು. ಹೌದು, ಸಾಲ ಕಟ್ಟಲಿಲ್ಲ ಅಂತ ಒಬ್ಬ ಆರ್ಚ್‌ಬಿಷಪ್‌ಗೆ ಚರ್ಚಿನಿಂದ ಬಹಿಷ್ಕಾರ. ಈಗಿನ ರಿಕವರಿ ಏಜೆಂಟರು ಫೋನ್ ಮಾಡಿ ಬೈಯುತ್ತಾರೆ, ಆಗ ಸ್ವರ್ಗದ ಬಾಗಿಲನ್ನೇ ಮುಚ್ಚುತ್ತಿದ್ದರು.

ಬರೀ ದುಡ್ಡಿನ ಜಗಳ ಆಗಿದ್ದರೆ ಚೌಕಾಸಿಯಲ್ಲಿ ಮುಗಿಯುತ್ತಿತ್ತೇನೋ. ಡೀಟರ್ ಹೇಳಿದ ಪ್ರಕಾರ ಪೋಪ್ ಇನ್ನೂ ಕೆಲವು ಷರತ್ತು ಹಾಕಿದ್ದ. ತನ್ನ ಒಪ್ಪಿಗೆ ಇಲ್ಲದೆ ಮತದಾರ ಅರಸರ ಸಭೆ ಕರೆಯಬಾರದು. ಚರ್ಚಿನ ಮಹಾಸಭೆ ನಡೆಯಬೇಕು ಅಂತ ಒತ್ತಾಯ ಮಾಡಬಾರದು. ತುರ್ಕರ ಮೇಲಿನ ಯುದ್ಧಕ್ಕೆ ಜರ್ಮನಿಯಲ್ಲಿ ಹತ್ತರಲ್ಲೊಂದು ಪಾಲು ತೆರಿಗೆ ಎತ್ತಲು ಬಿಡಬೇಕು. ಮೊದಲನೆಯದನ್ನು ಒಪ್ಪಿದರೆ ಆ ಕುರ್ಚಿಯಲ್ಲಿ ಉಳಿಯೋದೇನು? ಸಭೆ ಕರೆಯುವ ಹಕ್ಕು ಹೋದರೆ ಮೈಂಜ್‌ನ ಆರ್ಚ್‌ಬಿಷಪ್ ಹಲ್ಲು ಕಿತ್ತ ಹಾವು.

ಎರಡನೆಯ ಷರತ್ತಿನ ಹಿಂದೆ ಒಂದು ತಮಾಷೆ ಇದೆ. ಆ ಕಾಲದ ದೊಡ್ಡ ಪ್ರಶ್ನೆ, ಚರ್ಚಿನಲ್ಲಿ ಯಾರು ದೊಡ್ಡವರು, ಪೋಪೋ ಬಿಷಪ್‌ಗಳೆಲ್ಲ ಸೇರಿದ ಮಹಾಸಭೆಯೋ? ಪೋಪ್‌ನ ತೀರ್ಪು ಹಿಡಿಸದವರು "ಮಹಾಸಭೆಗೆ ಮೇಲ್ಮನವಿ ಹಾಕ್ತೀನಿ" ಅನ್ನುತ್ತಿದ್ದರು. 1460ರ ಜನವರಿಯಲ್ಲಿ ಪಿಯುಸ್ ಅಂಥ ಮೇಲ್ಮನವಿಯೇ ಅಪರಾಧ ಅಂತ ಆಜ್ಞೆ ಹೊರಡಿಸಿದ. ಇದೇ ಪಿಯುಸ್ ಪೋಪ್ ಆಗುವ ಮೊದಲು, ಎನೇಯಾ ಸಿಲ್ವಿಯೋ ಅನ್ನುವ ಹೆಸರಿನಲ್ಲಿದ್ದಾಗ, ಬಾಸೆಲ್‌ನ ಮಹಾಸಭೆಯಲ್ಲಿ ಕೂತು ಪೋಪ್‌ಗಿಂತ ಸಭೆಯೇ ದೊಡ್ಡದು ಅಂತ ವಾದಿಸಿದವನು. ಆ ಸಭೆ ನಿಲ್ಲಿಸಿದ ಪ್ರತಿ-ಪೋಪ್‌ಗೆ ಕಾರ್ಯದರ್ಶಿಯೂ ಆಗಿದ್ದ. ಆಮೇಲೆ ಚಕ್ರವರ್ತಿಯ ಕಚೇರಿಯಲ್ಲಿ ಕೆಲಸ ಮಾಡಿದ. ಜರ್ಮನ್ನರ ಒಳಗುಟ್ಟು, ಯಾರು ಎಷ್ಟಕ್ಕೆ ಬಗ್ಗುತ್ತಾರೆ, ಎಲ್ಲ ಅವನಿಗೆ ಗೊತ್ತು. ಡೀಟರ್‌ಗಿಂತ ಹಿಂದಿನ ಆರ್ಚ್‌ಬಿಷಪ್‌ನ ಚಾನ್ಸೆಲರ್ ಮಾರ್ಟಿನ್ ಮೈರ್ 1457ರಲ್ಲಿ ಇವನಿಗೇ ಕಾಗದ ಬರೆದು, ನಮ್ಮ ದುಡ್ಡನ್ನೆಲ್ಲ ರೋಮ್ ಹೀರುತ್ತಿದೆ ಅಂತ ದೂರಿದ್ದ. ಅಂದರೆ ಮೈಂಜ್‌ನಲ್ಲಿ ಈ ಹೊಟ್ಟೆಯುರಿ ಡೀಟರ್ ಬರುವ ಮೊದಲೇ ಇತ್ತು. ಡೀಟರ್ ಬಂದು ತುಪ್ಪ ಸುರಿದ ಅಷ್ಟೇ.

1461ರ ಮೊದಲ ತಿಂಗಳುಗಳಲ್ಲಿ ಅವನು ನ್ಯೂರೆಂಬರ್ಗ್‌ನಲ್ಲಿ ಅರಸರ ಸಭೆ ಸೇರಿಸಿ, ಮಹಾಸಭೆಗೆ ಮೇಲ್ಮನವಿ ಹಾಕಿಯೇಬಿಟ್ಟ. ಜೊತೆಗೆ ಗ್ರೆಗೋರ್ ಹೈಮ್‌ಬುರ್ಗ್ ಅನ್ನುವ ವಕೀಲ. ಪೋಪ್ ವಿರುದ್ಧ ಬರೆಯೋದರಲ್ಲಿ ಎತ್ತಿದ ಕೈ, ಅವನಿಗೂ ಆಗಲೇ ಬಹಿಷ್ಕಾರ ಆಗಿತ್ತು. ಅದೇ ಹೊತ್ತಿಗೆ ಚಕ್ರವರ್ತಿ ಮೂರನೇ ಫ್ರೆಡರಿಕ್ ಯಾವುದಕ್ಕೂ ಬರುವವನಲ್ಲ, ಬೊಹೀಮಿಯಾದ ದೊರೆಯನ್ನು ಕೂರಿಸೋಣ ಅನ್ನುವ ಮಾತೂ ಅರಸರ ನಡುವೆ ಓಡಾಡುತ್ತಿತ್ತು. ಚಕ್ರವರ್ತಿಗೂ ಡೀಟರ್ ಮೇಲೆ ಕಣ್ಣು ಕೆಂಪಾಯಿತು. ಪೋಪ್ ಮತ್ತು ಚಕ್ರವರ್ತಿ ಇಬ್ಬರನ್ನೂ ಒಂದೇ ವರ್ಷದಲ್ಲಿ ಎದುರು ಹಾಕಿಕೊಳ್ಳುವುದು ಸಣ್ಣ ಸಾಧನೆಯೇನಲ್ಲ.

1461ರ ಆಗಸ್ಟ್ 21ರಂದು ಪಿಯುಸ್ ಡೀಟರ್‌ನನ್ನು ಪದವಿಯಿಂದ ಇಳಿಸಿದ. ಜಾಗಕ್ಕೆ ನೇಮಿಸಿದ್ದು ಯಾರನ್ನು? ಎರಡು ವರ್ಷದ ಹಿಂದೆ ಸೋತು ಮನೆಗೆ ಹೋಗಿದ್ದ ನಾಸೌದ ಅಡಾಲ್ಫ್‌ನನ್ನು. ಅಕ್ಟೋಬರ್ 1ಕ್ಕೆ ಮೈಂಜ್‌ನ ಚರ್ಚಿನಲ್ಲೇ ಅವನಿಗೆ ಪಟ್ಟ ಆಯಿತು.

ಈಗ ಹೇಳಿ, ಆರ್ಚ್‌ಬಿಷಪ್ ಯಾರು?

ಡೀಟರ್ ಕಡೆಯ ವಾದ: ಚಾಪ್ಟರ್ ನನ್ನನ್ನು ಆರಿಸಿದೆ, ಪೋಪ್ ಮಂಜೂರು ಮಾಡಿದ್ದಾನೆ, ಈಗ ನನ್ನ ಮಾತು ಸರಿಯಾಗಿ ಕೇಳದೆ ಕಿತ್ತು ಹಾಕೋದು ಯಾವ ನ್ಯಾಯ? ಅಡಾಲ್ಫ್ ಕಡೆಯ ವಾದ: ಮಂಜೂರು ಮಾಡಿದವನಿಗೆ ರದ್ದು ಮಾಡುವ ಹಕ್ಕೂ ಇದೆ, ಬಹಿಷ್ಕಾರ ಆದವನು ಪೂಜೆ ಮಾಡಿದ್ದೇ ತಪ್ಪು, ಬರೆದುಕೊಟ್ಟ ಸಾಲ ಕೊಡದೇ ಇದ್ದದ್ದು ಇನ್ನೊಂದು ತಪ್ಪು. ಎರಡೂ ಕಡೆ ವಕೀಲರು ಗಂಟೆಗಟ್ಟಲೆ ಮಾತಾಡಬಹುದಾದಷ್ಟು ಸರಕಿತ್ತು. ನನಗೆ ಕಾಣೋದು ಇಷ್ಟು. ಆ ಕುರ್ಚಿಗೆ ಒಂದು ಬೀಗ ಇರಲಿಲ್ಲ, ಮೂರಿದ್ದವು. ಒಂದರ ಕೀಲಿ ಚಾಪ್ಟರ್ ಕೈಯಲ್ಲಿ, ಇನ್ನೊಂದು ಪೋಪ್ ಕೈಯಲ್ಲಿ. ಮೂರನೆಯದು ಯಾರ ಕಾನೂನಿನಲ್ಲೂ ಬರೆದಿರಲಿಲ್ಲ, ಅದು ಊರು ಮತ್ತು ಕೋಟೆಗಳು ಯಾರ ಕೈಯಲ್ಲಿವೆ ಅನ್ನುವುದು. ಮೊದಲ ಎರಡು ಕೀಲಿ ಬೇರೆ ಬೇರೆಯವರ ಹತ್ತಿರ ಇದ್ದಾಗ ಎಲ್ಲರೂ ಓಡುವುದು ಮೂರನೆಯದರ ಹಿಂದೆ.

ಡೀಟರ್ ಓಡಿದ್ದು ಹೈಡೆಲ್‌ಬರ್ಗ್‌ಗೆ. ಅಲ್ಲಿನ ಅರಸ, ರೈನ್ ಸೀಮೆಯ ಫ್ರೆಡರಿಕ್ (ಚಕ್ರವರ್ತಿ ಬೇರೆ, ಇವನು ಬೇರೆ, ಆ ಕಾಲದಲ್ಲಿ ಕಲ್ಲೆಸೆದರೆ ಒಬ್ಬ ಫ್ರೆಡರಿಕ್‌ಗೆ ಬೀಳುತ್ತಿತ್ತು), ಒಳ್ಳೆಯ ದಂಡನಾಯಕ. ಅವನ ಕಡೆಯವರು ಕರೆಯುತ್ತಿದ್ದದ್ದು ವಿಜಯಿ ಫ್ರೆಡರಿಕ್ ಅಂತ, ಆಗದವರು ಕರೆಯುತ್ತಿದ್ದದ್ದು ಕೆಟ್ಟ ಫ್ರಿಟ್ಜ್ ಅಂತ. ವಿಚಿತ್ರ ಏನು ಗೊತ್ತಾ, ಹಿಂದಿನ ವರ್ಷವಷ್ಟೇ, 1460ರ ಜುಲೈ 4ರಂದು, ಫೆಡ್ಡರ್ಸ್‌ಹೈಮ್ ಅನ್ನುವ ಜಾಗದಲ್ಲಿ ಇದೇ ಫ್ರೆಡರಿಕ್‌ನ ಕೈಯಲ್ಲಿ ಡೀಟರ್ ಪೆಟ್ಟು ತಿಂದಿದ್ದ. ಈಗ ಅವನೇ ಆಪ್ತಬಾಂಧವ. ಆದರೆ ಪುಕ್ಕಟೆ ಅಲ್ಲ. 1461ರ ನವೆಂಬರ್‌ನ ಒಪ್ಪಂದದಲ್ಲಿ ಡೀಟರ್ ತನ್ನ ಆರ್ಚ್‌ಬಿಷಪ್ ರಾಜ್ಯದ ಬೆರ್ಗ್‌ಸ್ಟ್ರಾಸೆ ಸೀಮೆಯನ್ನು, ಅಂದರೆ ಹೆಪ್ಪೆನ್‌ಹೈಮ್, ಬೆನ್ಸ್‌ಹೈಮ್ ಊರುಗಳು, ಸ್ಟಾರ್ಕೆನ್‌ಬುರ್ಗ್ ಕೋಟೆ, ಇವನ್ನೆಲ್ಲ ಒಂದು ಲಕ್ಷ ಗುಲ್ಡನ್ ಲೆಕ್ಕಕ್ಕೆ ಅಡವಿಟ್ಟ.

ಇಲ್ಲಿ ನನಗೆ ಡೀಟರ್ ಮೇಲಿನ ಕನಿಕರ ಕಡಿಮೆಯಾಗುತ್ತೆ. ರೋಮ್‌ನ ದುಡ್ಡಿನಾಸೆಗೆ ಎದುರು ನಿಂತ ಜರ್ಮನ್ ವೀರ ಅಂತ ಅವನನ್ನು ಹೊಗಳಿದವರು ಆಮೇಲೆ ಬಹಳ ಜನ ಬಂದರು. ಇಪ್ಪತ್ತು ಸಾವಿರ ಜಾಸ್ತಿಯಾಯಿತು ಅಂದವನು ಲಕ್ಷಕ್ಕೆ ಚರ್ಚಿನ ನೆಲ ಅಡವಿಟ್ಟ. ಆ ಅಡವು ಬಿಡಿಸಿಕೊಳ್ಳೋಕೆ ಮೈಂಜ್‌ಗೆ ನೂರ ಅರವತ್ತು ವರ್ಷ ಹಿಡಿಯಿತು. ಮೂವತ್ತು ವರ್ಷದ ಯುದ್ಧ ಬಂದು, 1623ರಲ್ಲಿ ಹೈಡೆಲ್‌ಬರ್ಗ್ ಸೋತಿದ್ದಾಗ ಆ ಸೀಮೆ ವಾಪಸ್ ಸಿಕ್ಕಿತು.

ಮೈಂಜ್ ಊರಿನ ಜನ ಡೀಟರ್ ಪಕ್ಷ ಹಿಡಿದರು. ಧರ್ಮದ ಮೇಲಿನ ಅಭಿಮಾನಕ್ಕಿಂತ ಲೆಕ್ಕಾಚಾರ ಜಾಸ್ತಿ. 1244ರಲ್ಲಿ ಅಂದಿನ ಆರ್ಚ್‌ಬಿಷಪ್‌ನಿಂದ ಪಡೆದ ಸನದಿನಿಂದ ಮೈಂಜ್ ಸ್ವತಂತ್ರ ನಗರ. ತನ್ನ ಕೌನ್ಸಿಲ್, ತನ್ನ ತೆರಿಗೆ, ತನ್ನ ಗೋಡೆ. ಆದರೆ ಊರು ಸಾಲದಲ್ಲಿ ಮುಳುಗಿ, 1448ರಲ್ಲಿ ದಿವಾಳಿ ಎದ್ದಿತ್ತು. ಊರಿನಲ್ಲಿದ್ದ ಪಾದ್ರಿಗಳ ದಂಡಿಗೆ ಇದ್ದ ತೆರಿಗೆ ವಿನಾಯಿತಿ ಊರಿನವರ ಹಳೆಯ ಹುಣ್ಣು. ಡೀಟರ್ ಆ ವಿಷಯದಲ್ಲಿ ಊರಿನ ಕಡೆಗೆ ಬಗ್ಗಿದ. ಊರು ಅವನಿಗೆ ಬಾಗಿಲು ತೆರೆಯಿತು.

ಯುದ್ಧ ಶುರುವಾಗುವ ಮೊದಲು ಕಾಗದದ ಯುದ್ಧ ಆಯಿತು, ಇದು ಈ ಕಥೆಯಲ್ಲಿ ನನಗೆ ತುಂಬ ಇಷ್ಟವಾದ ಭಾಗ. ಊರಿನಲ್ಲಿ ಆಗ ಫುಸ್ಟ್ ಮತ್ತು ಅವನ ಜೊತೆಗಾರ ಪೀಟರ್ ಶೋಫರ್ ಅಚ್ಚುಕೂಟ ನಡೆಸುತ್ತಿದ್ದರು. ಗುಟೆನ್‌ಬರ್ಗ್ ಮೇಲೆ 1455ರಲ್ಲಿ ಕೇಸು ಹಾಕಿ ಗೆದ್ದಿದ್ದ ಅದೇ ಫುಸ್ಟ್. ಡೀಟರ್ ತನಗಾದ ಅನ್ಯಾಯವನ್ನೆಲ್ಲ ಹೇಳಿಕೊಂಡು 1462ರ ವಸಂತದಲ್ಲಿ ಒಂದು ಬಹಿರಂಗ ಪತ್ರ ಹೊರಡಿಸಿದ. ಅದು ಅಚ್ಚಾಯಿತು. ಚಕ್ರವರ್ತಿ ಡೀಟರ್ ವಿರುದ್ಧ ಹೊರಡಿಸಿದ ಆಜ್ಞೆ, ಅದೂ ಅಚ್ಚಾಯಿತು. ಪೋಪ್‌ನ ಆಜ್ಞೆಗಳು ಅಚ್ಚಾದವು. ಫುಸ್ಟ್ ಮತ್ತು ಶೋಫರ್ ಎರಡೂ ಪಕ್ಷದ ಕೆಲಸ ಹಿಡಿದರು, ಒಂದೇ ಮನೆಯಲ್ಲಿ, ಒಂದೇ ಅಚ್ಚಿನ ಮೊಳೆಗಳಲ್ಲಿ. ದುಡ್ಡು ಕೊಟ್ಟವನ ಕೆಲಸ ಮಾಡೋದು ಅಂಗಡಿಯ ಧರ್ಮ ತಾನೇ. ಅಚ್ಚಿನ ಯಂತ್ರ ಬಂದು ಹತ್ತು ವರ್ಷ ಕಳೆಯುವಷ್ಟರಲ್ಲಿ ರಾಜಕೀಯದ ಕರಪತ್ರವೂ ಬಂತು. ಈ ಕೆಲಸಕ್ಕೆ ಅಚ್ಚು ಬಳಕೆಯಾದದ್ದು ಇದೇ ಮೊದಲು ಅಂತ ಪುಸ್ತಕ ಚರಿತ್ರೆಯವರು ಹೇಳುತ್ತಾರೆ.

ಆಮೇಲೆ ನಿಜವಾದ ಯುದ್ಧ. 1462ರ ಜೂನ್ 30ರಂದು ಸೆಕ್ಕೆನ್‌ಹೈಮ್ ಹತ್ತಿರ, ಈಗಿನ ಮಾನ್‌ಹೈಮ್ ಊರಿನ ಅಂಚಿನಲ್ಲಿ, ಅಡಾಲ್ಫ್ ಪರವಾಗಿ ಬಂದಿದ್ದ ಮೂವರು ದೊಡ್ಡವರನ್ನು ಫ್ರೆಡರಿಕ್ ಒಂದೇ ದಿನ ಸೆರೆ ಹಿಡಿದ. ವುರ್ಟೆಂಬರ್ಗ್‌ನ ಉಲ್ರಿಖ್, ಬಾಡೆನ್‌ನ ಕಾರ್ಲ್, ಮತ್ತು ಕಾರ್ಲ್‌ನ ತಮ್ಮ, ಮೆಟ್ಸ್‌ನ ಬಿಷಪ್ ಗೆಯೋರ್ಗ್. ಬಿಷಪ್ ಯುದ್ಧಭೂಮಿಯಲ್ಲಿ ಏನು ಮಾಡುತ್ತಿದ್ದ ಅಂತ ಕೇಳಬೇಡಿ. ಸೆರೆಯಾಳುಗಳಿಗೆ ಫ್ರೆಡರಿಕ್ ಹೈಡೆಲ್‌ಬರ್ಗ್ ಕೋಟೆಯಲ್ಲಿ ಭರ್ಜರಿ ಊಟ ಹಾಕಿಸಿದನಂತೆ, ಮಾಂಸ, ಮೀನು, ವೈನ್, ಎಲ್ಲ. ಬ್ರೆಡ್ ಮಾತ್ರ ಇಲ್ಲ. ಬ್ರೆಡ್ ಎಲ್ಲಿ ಅಂತ ಕೇಳಿದ್ದಕ್ಕೆ, ನೀವು ನನ್ನ ರೈತರ ಹೊಲ ಸುಟ್ಟು ಗಿರಣಿ ಹಾಳು ಮಾಡಿದಿರಲ್ಲ, ಬ್ರೆಡ್ ಎಲ್ಲಿಂದ ಬರಬೇಕು ಅಂದನಂತೆ. ಇದು ದಂತಕಥೆ, ಆದರೆ ಹೈಡೆಲ್‌ಬರ್ಗ್ ಕಡೆಯವರು ಇವತ್ತಿಗೂ ಹೇಳಿಕೊಳ್ಳುವ ಕಥೆ. ಮೂವರೂ ಹೊರಗೆ ಬಂದಿದ್ದು ದೊಡ್ಡ ಮೊತ್ತದ ಬಿಡುಗಡೆ ಹಣಕ್ಕೆ ಒಪ್ಪಿದ ಮೇಲೆ.

ಇಷ್ಟಾದ ಮೇಲೆ ಡೀಟರ್ ಗೆದ್ದ ಅಂತಲೇ ಎಲ್ಲರೂ ಅಂದುಕೊಂಡಿರಬೇಕು. ನಾಲ್ಕು ತಿಂಗಳು ಆಗಿರಲಿಲ್ಲ.

1462ರ ಅಕ್ಟೋಬರ್ 28, ಬೆಳಗಿನ ಜಾವದ ಕತ್ತಲು. ಅಡಾಲ್ಫ್ ಕಡೆಯ ಸುಮಾರು 500 ಜನ ಮೈಂಜ್‌ನ ಗೌಟೋರ್ ಅನ್ನುವ ಬಾಗಿಲಿನ ಹತ್ತಿರ ಏಣಿ ಹಾಕಿ ಗೋಡೆ ಹತ್ತಿದರು. ಊರಿನ ಎತ್ತರದ ಬದಿ ಅದು, ಕಾವಲು ಸಡಿಲ. ಒಳಗಿನಿಂದ ಯಾರೋ ಕೈ ಜೋಡಿಸಿದ್ದರು. ಬಾಗಿಲು ತೆರೆದ ಮೇಲೆ ಮಿಕ್ಕವರು ನುಗ್ಗಿದರು. ಗಂಟೆ ಬಾರಿಸಿ ಎಚ್ಚರಿಸುವಷ್ಟರಲ್ಲಿ ಬೀದಿ ಬೀದಿಯಲ್ಲಿ ಕಾಳಗ. ಕಮ್ಮಾರ, ಬಟ್ಟೆ ವ್ಯಾಪಾರಿ, ಚಿನ್ನಗೆಲಸದವನು, ಕೈಗೆ ಸಿಕ್ಕಿದ್ದು ಹಿಡಿದು ಬೀದಿಗಿಳಿದರು. ಸಂಜೆ ಹೊತ್ತಿಗೆ ಮುಗಿಯಿತು. ಊರಿನವರು ಸುಮಾರು 400 ಜನ ಸತ್ತಿದ್ದರು. ಯಾರ ಸಲುವಾಗಿ ಇಷ್ಟೆಲ್ಲ ಆಯಿತೋ ಆ ಡೀಟರ್ ಆವತ್ತು ಊರಿನಲ್ಲೇ ಇದ್ದ. ಗೋಡೆ ಇಳಿದು ತಪ್ಪಿಸಿಕೊಂಡ.

ಎರಡು ದಿನ ಕಳೆದು, ಅಕ್ಟೋಬರ್ 30ರಂದು, ಊರಿನ ಗಂಡಸರೆಲ್ಲ ಡೀಟ್‌ಮಾರ್ಕ್ಟ್ ಚೌಕಕ್ಕೆ ಬರಬೇಕು ಅಂತ ಡಂಗುರ ಸಾರಿದರು. ಈಗ ಅದನ್ನು ಶಿಲ್ಲರ್ ಚೌಕ ಅನ್ನುತ್ತಾರೆ. ಹೊಸ ಒಡೆಯನಿಗೆ ನಿಷ್ಠೆಯ ಮಾತು ಕೊಡಿಸುತ್ತಾರೆ, ಬೈಯುತ್ತಾರೆ, ದಂಡ ಹಾಕುತ್ತಾರೆ, ಇಷ್ಟೇ ಅಂದುಕೊಂಡು ಬಂದವರೂ ಇದ್ದಿರಬೇಕು. ಸುತ್ತ ಆಯುಧ ಹಿಡಿದ ಸೈನಿಕರು. ಸುಮಾರು 800 ಜನರಿಗೆ ಅಲ್ಲಿಂದಲೇ ಊರು ಬಿಡಲು ಹೇಳಿದರು. ಮನೆಗೆ ಹೋಗಿ ಗಂಟುಮೂಟೆ ಕಟ್ಟಿಕೊಳ್ಳುವ ಹಾಗಿಲ್ಲ. ಚೌಕದಿಂದ ನೇರ ಬಾಗಿಲಿಗೆ. ಅವರ ಮನೆ, ಅಂಗಡಿ, ದ್ರಾಕ್ಷಿ ತೋಟ ಗೆದ್ದವರು ಹಂಚಿಕೊಂಡರು. 218 ವರ್ಷ ಜೋಪಾನ ಮಾಡಿದ್ದ ಸ್ವಾತಂತ್ರ್ಯದ ಸನದುಗಳನ್ನು ಊರು ಅಡಾಲ್ಫ್‌ಗೆ ಒಪ್ಪಿಸಬೇಕಾಯಿತು. ಅಲ್ಲಿಗೆ ಸ್ವತಂತ್ರ ನಗರ ಮೈಂಜ್ ಮುಗಿಯಿತು.

ಊರು ಬಿಟ್ಟವರಲ್ಲಿ ಗುಟೆನ್‌ಬರ್ಗ್‌ನೂ ಇದ್ದ ಅಂತಲೇ ಬಹಳ ಇತಿಹಾಸಕಾರರು ಬರೆಯುತ್ತಾರೆ. ಆಗ ಅವನಿಗೆ ಅರವತ್ತರ ಆಸುಪಾಸು. ಅಚ್ಚಿನ ಕೆಲಸ ಕಲಿತ ಹುಡುಗರು ಮುಂದಿನ ವರ್ಷಗಳಲ್ಲಿ ಚದುರಿದರು. ಉಲ್ರಿಖ್ ತ್ಸೆಲ್ ಕೊಲೋನ್‌ನಲ್ಲಿ ಅಂಗಡಿ ಹಾಕಿದ, ಬೆರ್ತೋಲ್ಡ್ ರುಪ್ಪೆಲ್ ಬಾಸೆಲ್‌ಗೆ ಹೋದ, ಸ್ವೈನ್‌ಹೈಮ್ ಮತ್ತು ಪನ್ನಾರ್ಟ್ಸ್ ಅನ್ನುವ ಇಬ್ಬರು 1465ರ ಹೊತ್ತಿಗೆ ಇಟಲಿಯ ಸುಬಿಯಾಕೋ ಮಠದಲ್ಲಿ ಪುಸ್ತಕ ಅಚ್ಚು ಹಾಕುತ್ತಿದ್ದರು. ಮೈಂಜ್ ಲೂಟಿಯಾದ್ದರಿಂದಲೇ ಮುದ್ರಣ ಯುರೋಪಿಗೆಲ್ಲ ಹರಡಿತು ಅನ್ನುವ ಮಾತು ನೀವೂ ಕೇಳಿರಬಹುದು. ಅದು ಸ್ವಲ್ಪ ಉಬ್ಬಿಸಿದ ಮಾತು. ಸ್ಟ್ರಾಸ್‌ಬುರ್ಗ್‌ನಲ್ಲಿ, ಬಾಂಬೆರ್ಗ್‌ನಲ್ಲಿ ಲೂಟಿಗೆ ಮೊದಲೇ ಅಚ್ಚುಕೂಟ ಇದ್ದವು. ಕೆಲಸ ಗೊತ್ತಿದ್ದವರು ಹೇಗೂ ಹೊರಗೆ ಹೋಗುತ್ತಿದ್ದರು. ಊರು ಹಾಳಾದ್ದರಿಂದ ಬೇಗ ಹೋದರು, ಅಷ್ಟೇ.

ಜಗಳ ಇನ್ನೊಂದು ವರ್ಷ ಎಳೆಯಿತು. ಎರಡೂ ಕಡೆ ದುಡ್ಡು ಖಾಲಿ. 1463ರ ಅಕ್ಟೋಬರ್‌ನಲ್ಲಿ ಝೈಲ್ಸ್‌ಹೈಮ್‌ನಲ್ಲಿ ರಾಜಿ ಆಯಿತು. ಡೀಟರ್ ಹಕ್ಕು ಬಿಟ್ಟುಕೊಟ್ಟು ಅಡಾಲ್ಫ್‌ನೇ ಆರ್ಚ್‌ಬಿಷಪ್ ಅಂತ ಒಪ್ಪಿಕೊಂಡ. ಅವನ ಬಹಿಷ್ಕಾರ ತೆಗೆದರು, ಜೀವನಕ್ಕೆ ಹೋಖ್ಸ್ಟ್, ಸ್ಟೈನ್‌ಹೈಮ್, ಡೀಬುರ್ಗ್ ಅನ್ನುವ ಮೂರು ಊರು ಕೊಟ್ಟರು. ಚೌಕದಿಂದ ಓಡಿಸಿದ್ದ ಜನರ ಮನೆ ವಾಪಸ್ ಕೊಡುವ ಮಾತಾಗಲಿ, ಊರಿನ ಸನದಿನ ಮಾತಾಗಲಿ ಆ ರಾಜಿಯಿಂದ ಈಡೇರಲಿಲ್ಲ.

ಅಡಾಲ್ಫ್‌ನನ್ನು ಬರೀ ಖಳನಾಯಕ ಮಾಡಿ ಮುಗಿಸಲೂ ಆಗಲ್ಲ. 1465ರ ಜನವರಿ 17ರಂದು ಅವನು ವಯಸ್ಸಾದ ಗುಟೆನ್‌ಬರ್ಗ್‌ನನ್ನು ತನ್ನ ಆಸ್ಥಾನದವನಾಗಿ ಮಾಡಿಕೊಂಡ. ವರ್ಷಕ್ಕೊಂದು ಜೊತೆ ಬಟ್ಟೆ, 20 ಮಾಲ್ಟರ್ ಧಾನ್ಯ, 2 ಫೂಡರ್ ವೈನ್. ಈಗಿನ ಅಳತೆಯಲ್ಲಿ ಧಾನ್ಯವೂ ವೈನೂ ತಲಾ ಎರಡು ಸಾವಿರ ಲೀಟರ್ ಹತ್ತಿರ ಹತ್ತಿರ. ಜೊತೆಗೆ ತೆರಿಗೆ ಮಾಫಿ. ಮೂರು ವರ್ಷ ಅದನ್ನು ಅನುಭವಿಸಿ 1468ರಲ್ಲಿ ಗುಟೆನ್‌ಬರ್ಗ್ ತೀರಿಕೊಂಡ.

ಅಡಾಲ್ಫ್ ಸತ್ತಿದ್ದು 1475ರಲ್ಲಿ. ಸಾಯುವ ಮುಂಚೆ ಚಾಪ್ಟರ್‌ನವರಿಗೆ, ನನ್ನ ಜಾಗಕ್ಕೆ ಡೀಟರ್‌ನನ್ನು ಆರಿಸಿ ಅಂತ ಹೇಳಿದ. ತಪ್ಪೊಪ್ಪಿಗೆಯೋ, ಇನ್ನೊಂದು ಜಗಳ ಬೇಡ ಅನ್ನುವ ಬುದ್ಧಿಯೋ, ಎರಡೂ ಇರಬಹುದು. ನವೆಂಬರ್‌ನಲ್ಲಿ ಚಾಪ್ಟರ್ ಡೀಟರ್‌ನನ್ನೇ ಆರಿಸಿತು. ಹದಿನಾರು ವರ್ಷದ ಹಿಂದೆ ಗೆದ್ದಿದ್ದ ಚುನಾವಣೆಯನ್ನು ಇನ್ನೊಂದು ಸಲ ಗೆದ್ದ. ಈ ಸಲ ರೋಮ್ ತಕರಾರು ಮಾಡಿದರೂ ಕೊನೆಗೆ ಮಂಜೂರು ಮಾಡಿತು.

ತನಗಾಗಿ ಸತ್ತ ಊರಿಗೆ ಡೀಟರ್ ಏನು ಕೊಟ್ಟ? ಸ್ವಾತಂತ್ರ್ಯವನ್ನಂತೂ ವಾಪಸ್ ಕೊಡಲಿಲ್ಲ. ಎದುರು ಬಿದ್ದ ಊರಿನವರನ್ನು ಹತ್ತಿಕ್ಕಿ, ನದಿಯ ದಂಡೆಯಲ್ಲಿ ಮಾರ್ಟಿನ್ಸ್‌ಬುರ್ಗ್ ಅನ್ನುವ ಕೋಟೆ ಕಟ್ಟಿಸಿಕೊಂಡ, ಊರಿನ ಮೇಲೆ ಒಂದು ಕಣ್ಣಿರಲಿ ಅಂತ. ಇನ್ನೊಂದನ್ನೂ ಕೊಟ್ಟ. 1477ರಲ್ಲಿ ಮೈಂಜ್‌ಗೆ ಒಂದು ವಿಶ್ವವಿದ್ಯಾಲಯ ಶುರು ಮಾಡಿದ. ಅದು ಮುನ್ನೂರು ವರ್ಷ ನಡೆದು, ಫ್ರೆಂಚರ ಕ್ರಾಂತಿಯ ಗಲಾಟೆಯ ಕಾಲದಲ್ಲಿ ನಿಂತುಹೋಯಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಅದೇ ಊರಿನಲ್ಲಿ ಅದನ್ನು ಮತ್ತೆ ತೆರೆದಾಗ ಯಾರದಾದರೂ ಹೆಸರಿಡಬೇಕಿತ್ತು. ಸ್ಥಾಪಿಸಿದ ಡೀಟರ್ ಹೆಸರು ಇಡಲಿಲ್ಲ. ಅವನ ಎದುರಾಳಿಯ ಧಾನ್ಯ ತಿಂದು ವೈನ್ ಕುಡಿದು ಕೊನೆಯ ದಿನ ಕಳೆದ ಗುಟೆನ್‌ಬರ್ಗ್ ಹೆಸರು ಇಟ್ಟರು.